‘ಗೋಲ್ಡನ್ ರಿಂಗ್’ ಮತ್ತು ಜೋನ್ಸ್–ವೈನೆಟ್ ಯುಗಳಗೀತೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ಗಂಡಹೆಂಡಿರಾಗಿದ್ದಾಗಲೂ ಒಟ್ಟಿಗೆ ಹಾಡಿದರು, ಬೇರೆಯಾದ ಮೇಲೂ ಒಟ್ಟಿಗೆ ಹಾಡಿದರು. ಅಮೆರಿಕದ ಕಂಟ್ರಿ ಸಂಗೀತವನ್ನು, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಜನಪ್ರಿಯ ಸಂಗೀತವನ್ನು, ಹೊಸದಾಗಿ ಕೇಳಲು ತೊಡಗಿದವರಿಗೆ ಈ ಹಾಡುಗಳ ಬಗ್ಗೆ, ಅವುಗಳ ಹಿಂದಿನ ಬದುಕಿನ ಬಗ್ಗೆ ಸಹಜವಾಗಿಯೇ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಇಲ್ಲಿ ಮುಖ್ಯವಾಗಿ ಯಾವ ಹಾಡಿನ ವಿಚಾರವಿದೆ?

1976ರಲ್ಲಿ ಎಪಿಕ್ ರೆಕಾರ್ಡ್ಸ್ ಹೊರತಂದ ‘ಗೋಲ್ಡನ್ ರಿಂಗ್’ ಎಂಬ ಯುಗಳಗೀತೆಯ ವಿಚಾರ. ಆ ವರ್ಷವೇ ಅದು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಹಾಡಿದ ಇಬ್ಬರಿಗೂ 1975ರಲ್ಲಿ ವಿಚ್ಛೇದನವಾಗಿತ್ತು. ಮದುವೆ ಮುರಿದ ಮರುವರ್ಷ, ಮುರಿದ ಮದುವೆಯೊಂದರ ಕಥೆಯನ್ನು ಅದೇ ಗಂಡ, ಅದೇ ಹೆಂಡತಿ ಸೇರಿ ಹಾಡಿದ್ದು ಕೇಳುಗರನ್ನು ಆಗ ಸೆಳೆದಷ್ಟೇ ಈಗಲೂ ಸೆಳೆಯುತ್ತದೆ. ಇವರಿಬ್ಬರ ಬೇರೆ ಯುಗಳಗೀತೆಗಳ ಮಾತೂ ಮುಂದೆ ಬರುತ್ತದೆ, ಏಕೆಂದರೆ ಒಂದನ್ನು ಬಿಟ್ಟು ಒಂದನ್ನು ಕೇಳಿದರೆ ಈ ಕಥೆ ಅರ್ಧವೇ ದಕ್ಕುತ್ತದೆ.

ಹಾಡಿನ ಕಥೆ ಏನು?

ಶಿಕಾಗೋ ನಗರದ ಒಂದು ಗಿರವಿ ಅಂಗಡಿ. ಬೇಸಿಗೆಯ ಬಿಸಿಲು ಹರಡಿದ ದಿನ. ಗಾಜಿನಾಚೆ ಇಟ್ಟಿರುವ ಮದುವೆಯ ಉಂಗುರಗಳನ್ನು ಒಂದು ಜೋಡಿ ನೋಡುತ್ತಾ ನಿಂತಿದೆ. ಒಂದೇ ಒಂದು ಸಣ್ಣ ಹರಳಿರುವ ಉಂಗುರವನ್ನು ಹುಡುಗ ತೋರಿಸಿ, ಇದು ಅಂಥ ದೊಡ್ಡದೇನಲ್ಲ, ನನ್ನ ಕೈಲಾಗುವುದು ಇಷ್ಟೇ ಎನ್ನುತ್ತಾನೆ. ಹುಡುಗಿ ನಗುತ್ತಾ ತಲೆಯಾಡಿಸುತ್ತಾಳೆ. ಎರಡನೆಯ ಚರಣದಲ್ಲಿ ಅದೇ ದಿನ ಮಧ್ಯಾಹ್ನ ಪುಟ್ಟ ಚಾಪೆಲ್ (ಪ್ರಾರ್ಥನಾ ಮಂದಿರ) ಒಂದರಲ್ಲಿ ಹಳೆಯ ಪಿಯಾನೋ ನುಡಿಯುತ್ತದೆ, ಹುಡುಗಿಯ ಕಣ್ಣಲ್ಲಿ ಸಂತೋಷದ ನೀರು, ಮದುವೆ ಆಗುತ್ತದೆ. ಮೂರನೆಯದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಕೊನೆಯ ಜಗಳ. ನೀನು ಊರು ಬಿಟ್ಟು ಹೋಗುವವಳೆಂದು ನನಗೆ ಗೊತ್ತು ಎಂದು ಅವನು, ನಿನ್ನ ಮೇಲೆ ಪ್ರೀತಿ ಉಳಿದಿಲ್ಲ ಎಂದು ಅವಳು. ಉಂಗುರ ನೆಲಕ್ಕೆ ಬೀಳುತ್ತದೆ, ಅವಳು ಬಾಗಿಲು ದಾಟುತ್ತಾಳೆ. ಕೊನೆಯ ಚರಣ ಎರಡೇ ಸಾಲಿನದು: ಶಿಕಾಗೋದ ಗಿರವಿ ಅಂಗಡಿ, ಬಿಸಿಲಿನ ದಿನ, ಉಂಗುರಗಳನ್ನು ನೋಡುತ್ತಾ ನಿಂತ ಒಂದು ಜೋಡಿ.

ಪಲ್ಲವಿಯ ಮಾತು ಸರಳವಾದದ್ದು. ಉಂಗುರ ತಾನಾಗಿ ಬರಿಯ ತಣ್ಣನೆಯ ಲೋಹ, ಅದನ್ನು ಮದುವೆಯ ಉಂಗುರವಾಗಿಸುವುದು ಪ್ರೀತಿ ಮಾತ್ರ ಎಂಬುದು ಅದರ ಸಾರ. ಚಿನ್ನ ಗಿರವಿಗೆ ಹೋಗುವುದೆಂದರೆ ಏನೆಂದು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ. ಹಾಡು ಶುರುವಾಗುವಾಗಲೇ ಆ ಉಂಗುರ ಇನ್ನಾರದೋ ಬೆರಳಿಂದ ಬಂದಿದೆ ಎಂಬುದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಕೇಳಬೇಕು. ಹಾಡು ಅದನ್ನು ಬಾಯಿಬಿಟ್ಟು ಎಲ್ಲಿಯೂ ಹೇಳುವುದಿಲ್ಲ.

ಇದನ್ನು ಬರೆದವರು ಜೋನ್ಸ್ ಮತ್ತು ವೈನೆಟ್ ಅವರೇ? ಇದು ಅವರದೇ ಕಥೆಯೇ?

ಎರಡಕ್ಕೂ ಉತ್ತರ, ಅಲ್ಲ. ಹಾಡನ್ನು ಬರೆದವರು ಕಂಟ್ರಿ ಸಂಗೀತೋದ್ಯಮದ ನೆಲೆಯಾದ ನ್ಯಾಶ್‌ವಿಲ್ ನಗರದ ಬಾಬಿ ಬ್ರ್ಯಾಡಕ್ ಮತ್ತು ರೇಫ್ ವ್ಯಾನ್ ಹೋಯ್. ಕೈಬಂದೂಕೊಂದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತಾ ಹೋಗುವುದನ್ನು ಚಿತ್ರಿಸಿದ ದೂರದರ್ಶನ ಕಾರ್ಯಕ್ರಮವನ್ನು ಬ್ರ್ಯಾಡಕ್ ನೋಡಿದ್ದರು. ಬಂದೂಕಿನ ಬದಲು ಮದುವೆಯ ಉಂಗುರವೊಂದರ ಪಯಣವನ್ನು ಹೀಗೆ ಹಿಂಬಾಲಿಸಿದರೆ ಹೇಗೆ ಎಂಬ ಯೋಚನೆಯಿಂದ ಹಾಡು ಹುಟ್ಟಿತು. ಅಂದರೆ ಇದರ ಬೀಜದಲ್ಲಿ ಜೋನ್ಸ್ ಇಲ್ಲ, ವೈನೆಟ್ ಇಲ್ಲ, ಪ್ರೇಮವೂ ಇರಲಿಲ್ಲ.

ಆದರೂ ಇದು ಅವರದೇ ಕಥೆಯೆಂದು ಕೇಳುಗರು ನಂಬಿದರು, ಆ ನಂಬಿಕೆಯನ್ನು ಸುಮ್ಮನೆ ತಳ್ಳಿಹಾಕುವುದೂ ಸರಿಯಲ್ಲ. ಕಂಟ್ರಿ ಸಂಗೀತದಲ್ಲಿ ಹಾಡುವವರು ತಮ್ಮ ಹೆಸರಿನಲ್ಲೇ, ತಮ್ಮ ಮುಖವನ್ನೇ ಮುಂದಿಟ್ಟು ಹಾಡುತ್ತಾರೆ. ಇವರಿಬ್ಬರ ಮದುವೆ, ಜಗಳ, ವಿಚ್ಛೇದನ ಎಲ್ಲವೂ ಪತ್ರಿಕೆಗಳಲ್ಲಿ ಬಂದಿದ್ದವು. ಮೂರನೆಯ ಚರಣದಲ್ಲಿ ಅವನ ಮಾತನ್ನು ಜೋನ್ಸ್, ಅವಳ ಮಾತನ್ನು ವೈನೆಟ್ ಹಾಡುವಾಗ, ಯಾರೋ ಕಟ್ಟಿದ ಕಥೆಗೆ ಇವರ ಬದುಕು ಬಂದು ಸೇರಿಕೊಳ್ಳುತ್ತದೆ. ಹಾಡುಗಾರರ ಬದುಕಿಗೆ ಹೊಂದುವ ಹಾಡನ್ನು ಆರಿಸಿ ಕೊಡುವುದನ್ನು ನ್ಯಾಶ್‌ವಿಲ್ ಚೆನ್ನಾಗಿ ಅರಿತಿತ್ತು.

ಇಬ್ಬರೂ ಎಲ್ಲಿಂದ ಬಂದವರು?

ಬಡತನದಿಂದ. ಜೋನ್ಸ್ 1931ರಲ್ಲಿ ಟೆಕ್ಸಸ್‌ನ ಸಾರಟೋಗಾದಲ್ಲಿ ಹುಟ್ಟಿದರು. ತಾಯಿ ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದವರು, ತಂದೆ ಕುಡಿತದ ಚಟಕ್ಕೆ ಬಿದ್ದವರು. ರಾತ್ರಿ ಕುಡಿದು ಬಂದ ತಂದೆ ಮಲಗಿದ್ದ ಮಗನನ್ನು ಎಬ್ಬಿಸಿ ಹಾಡಿಸುತ್ತಿದ್ದರಂತೆ, ಹಾಡದಿದ್ದರೆ ಪೆಟ್ಟು. ಹುಡುಗನಾಗಿದ್ದಾಗಲೇ ಜೋನ್ಸ್ ಬೋಮಾಂಟ್‌ನ ಬೀದಿಗಳಲ್ಲಿ ಗಿಟಾರ್ ಹಿಡಿದು ಹಾಡಿ ಕಾಸು ಸಂಪಾದಿಸಿದರು. 1955ರಲ್ಲಿ ಅವರ ಮೊದಲ ಜನಪ್ರಿಯ ಹಾಡು ಬಂತು.

ವೈನೆಟ್ ಅವರ ಹುಟ್ಟುಹೆಸರು ವರ್ಜೀನಿಯಾ ವೈನೆಟ್ ಪ್ಯೂ. 1942ರಲ್ಲಿ ಮಿಸಿಸಿಪಿ ರಾಜ್ಯದ ಟ್ರೆಮಾಂಟ್ ಬಳಿ ಜನನ. ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಅಜ್ಜ–ಅಜ್ಜಿಯ ಹೊಲದಲ್ಲಿ ಹತ್ತಿ ಬಿಡಿಸುತ್ತಾ ಬೆಳೆದರು. ಹದಿಹರೆಯದಲ್ಲೇ ಮೊದಲ ಮದುವೆ, ಮೂರು ಹೆಣ್ಣುಮಕ್ಕಳು, ಬ್ಯೂಟಿ ಪಾರ್ಲರ್ ಕೆಲಸ. 1966ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ನ್ಯಾಶ್‌ವಿಲ್‌ಗೆ ಬಂದು ಸಂಗೀತ ಸಂಸ್ಥೆಗಳ ಬಾಗಿಲು ತಟ್ಟಿದರು. ದೊಡ್ಡ ತಾರೆಯಾದ ಮೇಲೂ ಅವರು ಬ್ಯೂಟಿ ಪಾರ್ಲರ್ ಕೆಲಸದ ಪರವಾನಗಿಯನ್ನು ನವೀಕರಿಸುತ್ತಲೇ ಇದ್ದರು. ಹಾಡು ಕೈಬಿಟ್ಟರೆ ಮಕ್ಕಳ ಹೊಟ್ಟೆಗೆ ಏನು ಎಂದು ಯೋಚಿಸುವ ಹೆಂಗಸಿನ ಧ್ವನಿ ಅದು ಎಂದು ತಿಳಿದು ಕೇಳಿದರೆ ಅವರ ಹಾಡುಗಳು ಬೇರೆಯೇ ತೂಕ ಪಡೆಯುತ್ತವೆ.

ವೈನೆಟ್ ಬಡ ಮನೆಯ ಹುಡುಗಿಯಾಗಿದ್ದಾಗಲೇ ಜೋನ್ಸ್ ಅವರ ಅಭಿಮಾನಿ. 1969ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದ ರಿಂಗೋಲ್ಡ್ ಎಂಬ ಊರಿನಲ್ಲಿ ಇಬ್ಬರ ಮದುವೆಯಾಯಿತು. ಅಷ್ಟರಲ್ಲಿ ಇಬ್ಬರೂ ಎರಡೆರಡು ಮದುವೆ ಕಂಡಿದ್ದರು. 1970ರಲ್ಲಿ ಮಗಳು ಜಾರ್ಜೆಟ್ ಹುಟ್ಟಿದರು.

ಮದುವೆ ಮುರಿಯಲು ಕಾರಣವೇನು?

ಮುಖ್ಯ ಕಾರಣ ಜೋನ್ಸ್ ಅವರ ಕುಡಿತ. ದಿನಗಟ್ಟಲೆ ಮನೆಗೆ ಬಾರದಿರುವುದು, ಒಪ್ಪಿಕೊಂಡ ಸಂಗೀತ ಕಛೇರಿಗಳಿಗೆ ಹೋಗದಿರುವುದು ಅವರ ವಾಡಿಕೆಯಾಗಿತ್ತು. ಮುಂದೆ ಅವರಿಗೆ ‘ನೋ ಶೋ ಜೋನ್ಸ್’ (ಬಾರದ ಜೋನ್ಸ್) ಎಂಬ ಅಡ್ಡಹೆಸರೇ ಅಂಟಿಕೊಂಡಿತು. 1973ರಲ್ಲಿ ವೈನೆಟ್ ವಿಚ್ಛೇದನಕ್ಕೆ ಅರ್ಜಿ ಹಾಕಿ ಹಿಂತೆಗೆದುಕೊಂಡರು. 1975ರಲ್ಲಿ ಅದು ಅಂತಿಮವಾಯಿತು. ಮನೆಯೊಳಗೆ ನಡೆದ ಹಿಂಸೆಯ ಬಗ್ಗೆ ವೈನೆಟ್ 1979ರ ತಮ್ಮ ಆತ್ಮಕಥೆಯಲ್ಲಿ ಬರೆದರು. ಅದರಲ್ಲಿನ ಕೆಲವು ಘಟನೆಗಳನ್ನು ಜೋನ್ಸ್ 1996ರ ತಮ್ಮ ಪುಸ್ತಕದಲ್ಲಿ ಅಲ್ಲಗಳೆದರು, ಆದರೆ ಕುಡಿತ ತನ್ನನ್ನೂ ಸುತ್ತಲಿನವರನ್ನೂ ಹಾಳು ಮಾಡಿತೆಂಬುದನ್ನು ಮುಚ್ಚಿಡಲಿಲ್ಲ.

ವೈನೆಟ್ ಅವರ ಪಾಡೂ ಸುಖದ್ದಾಗಿರಲಿಲ್ಲ. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ, ಮೈಯ ನೋವು, ನೋವಿನ ಮಾತ್ರೆಗಳ ಅವಲಂಬನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಜೋನ್ಸ್ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕುಳಿತು ಹೆಂಡದಂಗಡಿಗೆ ಹೋದರೆಂಬುದು ನಿಜವೇ?

ನಿಜ, ಅವರೇ ಹೇಳಿಕೊಂಡಿದ್ದಾರೆ. ವೈನೆಟ್‌ಗಿಂತ ಮೊದಲಿನ ಮದುವೆಯ ಕಾಲದಲ್ಲಿ, ಕುಡಿಯಲು ಹೋಗದಂತೆ ಹೆಂಡತಿ ಕಾರುಗಳ ಬೀಗದ ಕೈಗಳನ್ನು ಬಚ್ಚಿಟ್ಟಾಗ, ಅಂಗಳದಲ್ಲಿದ್ದ ಆ ಯಂತ್ರವನ್ನೇ ಏರಿ ಮೈಲಿಗಟ್ಟಲೆ ದೂರದ ಅಂಗಡಿಗೆ ಹೋದರು. ವೈನೆಟ್ ಕೂಡ ತಮ್ಮ ಪುಸ್ತಕದಲ್ಲಿ ಇಂಥದೇ ಒಂದು ರಾತ್ರಿಯನ್ನು ನೆನೆದಿದ್ದಾರೆ. ಅಮೆರಿಕದಲ್ಲಿ ಈ ಕಥೆಯನ್ನು ನಗೆಗಾಗಿ ಹೇಳುವುದು ರೂಢಿ, ಜೋನ್ಸ್ ತಾವೇ ಮುಂದೆ ಹಾಡಿನ ವಿಡಿಯೋಗಳಲ್ಲಿ ಆ ಯಂತ್ರದ ಮೇಲೆ ಕಾಣಿಸಿಕೊಂಡರು. ಬೀಗದ ಕೈ ಬಚ್ಚಿಟ್ಟು ಕಿಟಕಿಯ ಬಳಿ ಕಾದ ಹೆಂಗಸಿನ ಕಡೆಯಿಂದ ನೋಡಿದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಬೇರೆಯಾದ ಮೇಲೂ ಒಟ್ಟಿಗೆ ಹಾಡಿದ್ದೇಕೆ?

ಲೌಕಿಕ ಕಾರಣ ಮೊದಲು ಹೇಳಬೇಕು. ಇಬ್ಬರೂ ಎಪಿಕ್ ಸಂಸ್ಥೆಯವರು, ಇಬ್ಬರಿಗೂ ಬಿಲ್ಲಿ ಶೆರಿಲ್ ಅವರೇ ನಿರ್ಮಾಪಕರು. ಜೋಡಿಯ ಗಾನತಟ್ಟೆಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು, ಜೋನ್ಸ್ ಅವರಿಗಂತೂ ಹಣದ ಅಗತ್ಯ ಸದಾ ಇತ್ತು. 1970ರ ದಶಕದ ಕೊನೆಗೆ ಅವರು ದಿವಾಳಿ ಎದ್ದರು. ‘ಗೋಲ್ಡನ್ ರಿಂಗ್’ ಬಳಿಕ ಬಂದ ‘ನಿಯರ್ ಯೂ’, 1947ರ ಹಳೆಯ ಹಾಡೊಂದರ ಮರುಹಾಡಿಕೆ, ಅದೂ ಮೊದಲ ಸ್ಥಾನಕ್ಕೇರಿತು. 1980ರಲ್ಲಿ ‘ಟೂ ಸ್ಟೋರಿ ಹೌಸ್’ ಎರಡನೆಯ ಸ್ಥಾನ ತಲುಪಿತು.

ಹಣದ ಲೆಕ್ಕವೊಂದೇ ಆಗಿದ್ದರೆ ಆ ಹಾಡುಗಳಲ್ಲಿ ಅಷ್ಟು ಮಮತೆ ಕೇಳಿಸುತ್ತಿರಲಿಲ್ಲ ಎಂಬುದು ಈ ಲೇಖಕರ ಅಭಿಪ್ರಾಯ. ಒಂದೇ ಮನೆಯಲ್ಲಿ ಬಾಳಲಾರದ ಇಬ್ಬರು ಮೈಕಿನ ಮುಂದೆ ನಿಂತಾಗ ಒಬ್ಬರ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂದು ಇನ್ನೊಬ್ಬರಿಗೆ ತಿಳಿದಿತ್ತು. ಆ ತಿಳಿವಳಿಕೆ ಅವರಿಗೆ ಬಂದದ್ದು ಜೊತೆಯಾಗಿ ಕಳೆದ ವರ್ಷಗಳಿಂದಲೇ, ಅವರನ್ನು ಸುಸ್ತು ಮಾಡಿದ ಅದೇ ವರ್ಷಗಳಿಂದ.

ಕಂಟ್ರಿ ಯುಗಳಗೀತೆಗೂ ನಮ್ಮ ಚಿತ್ರಗೀತೆಗಳ ಯುಗಳಕ್ಕೂ ಏನು ವ್ಯತ್ಯಾಸ?

ಎರಡು ವ್ಯತ್ಯಾಸಗಳು ಮುಖ್ಯವಾದವು. ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಹಾಡಿದಾಗ ತೆರೆಯ ಮೇಲೆ ಪ್ರೀತಿಸುವವರು ಬೇರೆ ಯಾರೋ. ಹಾಡುವವರ ಸ್ವಂತ ಸಂಸಾರವನ್ನು ನಾವು ಆ ಹಾಡಿನೊಳಗೆ ಹುಡುಕುವುದಿಲ್ಲ, ಹುಡುಕಬೇಕಾಗಿಯೂ ಇಲ್ಲ. ಜೋನ್ಸ್–ವೈನೆಟ್ ವಿಷಯದಲ್ಲಿ ಧ್ವನಿ, ಮುಖ, ಹೆಸರು ಮೂರೂ ಒಂದೇ.

ಎರಡನೆಯದು ಸ್ವರದ ವಿಚಾರ. ನಮ್ಮ ಯುಗಳಗೀತೆಗಳಲ್ಲಿ ಬಹುತೇಕ ಒಬ್ಬರ ಸಾಲು ಮುಗಿದ ಮೇಲೆ ಇನ್ನೊಬ್ಬರ ಸಾಲು, ಸೇರಿ ಹಾಡಿದಾಗ ಹೆಚ್ಚಾಗಿ ಇಬ್ಬರದೂ ಅದೇ ಸ್ವರ. ಕಂಟ್ರಿಯಲ್ಲಿ ಸೇರಿ ಹಾಡುವುದೆಂದರೆ ಇಬ್ಬರೂ ಬೇರೆ ಬೇರೆ ಸ್ವರ ಹಿಡಿಯುವುದು. ಒಬ್ಬರು ಷಡ್ಜದಲ್ಲಿದ್ದರೆ ಇನ್ನೊಬ್ಬರು ಗಾಂಧಾರದಲ್ಲಿ ನಿಂತು, ಅದೇ ಮಾತನ್ನು ಅದೇ ಕ್ಷಣದಲ್ಲಿ ಹೇಳುವುದು. ಇದರ ಬೇರು ಅಮೆರಿಕದ ದಕ್ಷಿಣದ ಹಳ್ಳಿ ಚರ್ಚುಗಳ ಸಮೂಹಗಾನದಲ್ಲಿದೆ. ಒಬ್ಬರು ಒಂದಿಷ್ಟು ಮೇಲೆ ಕೆಳಗೆ ಹೋದರೂ ನಡುವಿನ ಅಂತರ ಕೆಟ್ಟು ಕಿವಿಗೆ ಚುಚ್ಚುತ್ತದೆ, ಆದ್ದರಿಂದ ಹಾಡುವಷ್ಟೇ ಗಮನದಿಂದ ಜೊತೆಯವರನ್ನು ಕೇಳಿಸಿಕೊಳ್ಳಬೇಕು. ಹಾಡಿನ ಮಾತು ಜಗಳದ್ದೇ ಆಗಿರಲಿ, ಹಾಡುವ ಕ್ರಮ ಮಾತ್ರ ಹೊಂದಾಣಿಕೆಯನ್ನೇ ಬೇಡುತ್ತದೆ.

ಇಬ್ಬರ ಧ್ವನಿಯಲ್ಲಿ ಏನನ್ನು ಗಮನಿಸಬೇಕು?

ಜೋನ್ಸ್ ಒಂದು ಸ್ವರಕ್ಕೆ ನೇರವಾಗಿ ಹೋಗಿ ನಿಲ್ಲುವವರಲ್ಲ. ಕೆಳಗಿನಿಂದ ಜಾರಿಸಿಕೊಂಡು ಬಂದು, ಅದರ ಸುತ್ತ ತಿರುಗಿ, ಒಂದೇ ಅಕ್ಷರವನ್ನು ಮೂರು ನಾಲ್ಕು ಸ್ವರಗಳಿಗೆ ಹಂಚುತ್ತಾರೆ. ಗಮಕಕ್ಕೆ ಒಗ್ಗಿದ ಕಿವಿಗೆ ಇದು ಬೇಗ ಹತ್ತಿರವಾಗುತ್ತದೆ. ಹಲ್ಲು ಕಚ್ಚಿ ಮಾತನ್ನು ಒಳಗೇ ಒತ್ತಿಹಿಡಿದು, ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ರೀತಿ ಅವರದು. ತಾಳಕ್ಕೆ ಒಂದಿಷ್ಟು ಹಿಂದೆ ಉಳಿಯುವುದೂ ಉಂಟು.

ವೈನೆಟ್ ಚರಣವನ್ನು ಬಹಳ ಮೆಲ್ಲಗೆ, ಮಾತಾಡಿದಂತೆ ಆರಂಭಿಸಿ, ಪಲ್ಲವಿ ಬಂದಾಗ ಒಮ್ಮೆಲೇ ಪೂರ್ಣ ಕಂಠ ತೆರೆಯುತ್ತಾರೆ. ಆ ಏರಿಕೆಯ ಅಂಚಿನಲ್ಲಿ ಅಳು ಬಂದು ತಡೆದಂಥ ಒಂದು ಒಡಕು ಕೇಳಿಸುತ್ತದೆ. ಅವರ ಕಂಠದ ಗುರುತೇ ಅದು.

‘ಗೋಲ್ಡನ್ ರಿಂಗ್’ನಲ್ಲಿ ಇದಕ್ಕಿಂತ ಮುಖ್ಯವಾದ ಒಂದು ಸಂಗತಿ ಇದೆ, ಈ ಪುಟವನ್ನು ಬರೆಯಲು ಕಾರಣವೇ ಅದು. ಗಿರವಿ ಅಂಗಡಿಯ ಚರಣ, ಮದುವೆಯ ಚರಣ, ಜಗಳದ ಚರಣ, ಮೂರಕ್ಕೂ ಧಾಟಿ ಒಂದೇ. ಜಗಳ ಬಂತೆಂದು ರಾಗ ಕರುಣಕ್ಕೆ ಇಳಿಯುವುದಿಲ್ಲ, ಲಯ ನಿಧಾನವಾಗುವುದಿಲ್ಲ. ಹುಡುಗಿ ನಕ್ಕು ತಲೆಯಾಡಿಸಿದ ಧಾಟಿಯಲ್ಲೇ ಅವಳು ಉಂಗುರ ಎಸೆಯುತ್ತಾಳೆ. ಕಟ್ಟಿದ ಪ್ರೀತಿ ಒಂದು, ಕೆಡವಿದ ಪ್ರೀತಿ ಇನ್ನೊಂದು ಎಂದು ಬೇರ್ಪಡಿಸಲು ಹಾಡು ಒಪ್ಪುವುದಿಲ್ಲ, ಮತ್ತು ಅದನ್ನು ಮಾತಿನಲ್ಲಿ ಹೇಳದೆ ರಾಗದಲ್ಲಿ ಹೇಳುತ್ತದೆ. ಮೂರನೆಯ ಚರಣದಲ್ಲಿ ಎದುರುಬದುರು ನಿಂತು ಮಾತು ಎಸೆದುಕೊಂಡ ಇಬ್ಬರು, ಅದರ ಬೆನ್ನಿಗೇ ಬರುವ ಪಲ್ಲವಿಯಲ್ಲಿ ಮತ್ತೆ ಜೊತೆಗೂಡಿ ಎಷ್ಟು ಅಂದವಾಗಿ ಹೊಂದಿಕೊಳ್ಳುತ್ತಾರೆಂಬುದನ್ನು ಒಮ್ಮೆ ಗಮನವಿಟ್ಟು ಕೇಳಬೇಕು.

ಬಿಲ್ಲಿ ಶೆರಿಲ್ ಯಾರು?

ಅಲಬಾಮಾ ರಾಜ್ಯದ ಊರೂರು ತಿರುಗುವ ಧರ್ಮಪ್ರಚಾರಕರ ಮಗ. ಬಾಲ್ಯದಲ್ಲೇ ತಂದೆಯ ಸಭೆಗಳಲ್ಲಿ ಪಿಯಾನೋ ನುಡಿಸಿದವರು. ವರ್ಜೀನಿಯಾ ವೈನೆಟ್ ಪ್ಯೂ ಅವರಿಗೆ ಟ್ಯಾಮಿ ಎಂಬ ಹೆಸರಿಟ್ಟವರು ಇವರೇ. ಹಳ್ಳಿಯ ಕಂಟ್ರಿ ಹಾಡಿಗೆ ಪಿಟೀಲು ಮೇಳ, ಹಿನ್ನೆಲೆಯ ಸಮೂಹಗಾನ, ನಾಟಕೀಯ ಏರಿಳಿತ ಸೇರಿಸಿದ್ದು ಇವರ ಶೈಲಿ. ಅತಿಯಾಯಿತು ಎಂದವರು ಆಗಲೂ ಇದ್ದರು, ಕೆಲವು ಹಾಡುಗಳಲ್ಲಿ ಆ ಆಕ್ಷೇಪ ನ್ಯಾಯವೂ ಹೌದು. ಆದರೆ ಯುಗಳಗೀತೆಗಳಲ್ಲಿ ಅವರು ಎರಡು ಕಂಠಗಳಿಗೆ ಬೇಕಾದಷ್ಟು ಜಾಗ ಬಿಟ್ಟುಕೊಟ್ಟರು.

‘ವೀ ಆರ್ ಗೊನ್ನ ಹೋಲ್ಡ್ ಆನ್’ ಹಾಡನ್ನೂ ಏಕೆ ಕೇಳಬೇಕು?

ಅದು ಇವರ ಜೋಡಿಗೆ ಮೊದಲ ಸ್ಥಾನ ತಂದ ಮೊದಲ ಯುಗಳಗೀತೆ, 1973ರದು. ಬರೆದವರು ಸ್ವತಃ ಜೋನ್ಸ್ ಮತ್ತು ಅರ್ಲ್ ಮಾಂಟ್ಗೊಮೆರಿ. ಏನೇ ಬಂದರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಇರುತ್ತೇವೆ ಎಂಬುದು ಹಾಡಿನ ಭಾವ. ವೈನೆಟ್ ವಿಚ್ಛೇದನದ ಅರ್ಜಿ ಹಾಕಿ ಹಿಂತೆಗೆದುಕೊಂಡದ್ದು ಅದೇ ವರ್ಷ. ಮುಂದೆ ಏನಾಯಿತೆಂದು ತಿಳಿದ ನಮಗೆ ಆ ಹಾಡು ಸುಳ್ಳೆನಿಸಬಹುದು. ಹಾಗೆ ಕೇಳುವುದು ಅನ್ಯಾಯ. ಹಾಡುವಾಗ ಅವರು ನಿಜವಾಗಿ ಹಿಡಿದುಕೊಂಡಿದ್ದರು; ಕುಸಿಯುವ ಗೋಡೆಗೆ ಬೆನ್ನುಕೊಟ್ಟು ನಿಂತವರ ದೃಢತೆ ಆ ಧ್ವನಿಗಳಲ್ಲಿದೆ.

ನೋವು ಇದ್ದುದರಿಂದಲೇ ಹಾಡು ಇಷ್ಟು ಚೆನ್ನಾಗಿ ಬಂತೇ?

ಈ ಪ್ರಶ್ನೆ ಬೇರೆ ಯಾವುದಕ್ಕಿಂತ ಹೆಚ್ಚಾಗಿ ಬರುತ್ತದೆ, ಇದಕ್ಕೆ ಎಚ್ಚರದಿಂದ ಉತ್ತರಿಸಬೇಕು. ಜೋನ್ಸ್ ಕುಡಿದದ್ದರಿಂದ ಚೆನ್ನಾಗಿ ಹಾಡಿದರೆಂಬ ಮಾತನ್ನು ಅವರ ಬದುಕೇ ಸುಳ್ಳು ಮಾಡುತ್ತದೆ. ಕುಡಿತವೂ ಕೊಕೇನ್ ಚಟವೂ ತಾರಕಕ್ಕೇರಿದ ವರ್ಷಗಳಲ್ಲಿ ಅವರು ವೇದಿಕೆಗೇ ಬರಲಿಲ್ಲ, ಬಂದಾಗಲೂ ಪದ ನೆನಪಿರಲಿಲ್ಲ, ಧ್ವನಿಮುದ್ರಣದಲ್ಲಿ ಒಂದು ಸಾಲು ಸರಿಯಾಗಿ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಅವರ ಕಲೆಗೆ ಅನ್ನ ಹಾಕಿದ್ದು ಎಳವೆಯಿಂದ ಮಾಡಿದ ಅಭ್ಯಾಸ, ಚರ್ಚಿನ ಹಾಡು, ಒಳ್ಳೆಯ ಕಿವಿ. ಚಟ ಅದರಿಂದ ಕಿತ್ತುಕೊಂಡದ್ದೇ ಹೆಚ್ಚು.

ಅದೇ ವೇಳೆಗೆ, ಪ್ರೀತಿಯ ವಿಷಯದಲ್ಲಿ ಉತ್ತರ ಅಷ್ಟು ಸುಲಭವಲ್ಲ. ವೈನೆಟ್ ಅವರನ್ನು ಪ್ರೀತಿಸಿದ್ದು ಜೋನ್ಸ್‌ಗೆ ಒಂದು ಮನೆ, ಒಂದು ಮಗು, ಕೆಲವು ವರ್ಷಗಳ ನೆಮ್ಮದಿ, ಹೊಸ ಸಂಸ್ಥೆ, ಹೊಸ ನಿರ್ಮಾಪಕ, ಹೊಸ ಹಾಡುಗಳನ್ನು ಕೊಟ್ಟಿತು. ಅದೇ ಪ್ರೀತಿ ವೈನೆಟ್ ಅವರನ್ನು ವರ್ಷಗಳ ಕಾಲ ರಾತ್ರಿ ಎಚ್ಚರವಿರಿಸಿತು. ಪ್ರೀತಿ ಕೊಂದಿತೇ, ಕುಡಿತ ಕೊಂದಿತೇ ಎಂದು ಆ ಮನೆಯೊಳಗಿದ್ದವರು ಬೇರ್ಪಡಿಸಿ ನೋಡಿರಲಾರರು. ಹೊರಗಿನಿಂದ ಕೇಳುವ ನಾವು ಬೇರ್ಪಡಿಸಿ ನೋಡಬೇಕು. ಹೊಡೆತವನ್ನೂ ಭಯವನ್ನೂ ‘ತೀವ್ರ ಪ್ರೇಮ’ ಎಂದು ಕರೆದು ಅಂದಗಾಣಿಸುವ ಕೆಲಸವನ್ನು ಹಾಡಿನ ಹೆಸರಿನಲ್ಲಿ ಮಾಡಬಾರದು. ‘ಗೋಲ್ಡನ್ ರಿಂಗ್’ ಕೂಡ ಅದನ್ನು ಮಾಡುವುದಿಲ್ಲ. ಅಲ್ಲಿ ಹುಡುಗಿ ಹೊರಟುಹೋಗುತ್ತಾಳೆ, ಹಾಡು ಅವಳನ್ನು ದೂರುವುದಿಲ್ಲ.

ವೈನೆಟ್ ಹಾಡುಗಳು ಹೆಣ್ಣಿಗೆ ಸಹಿಸಿಕೊಂಡಿರು ಎಂದು ಹೇಳುತ್ತವೆಯಲ್ಲವೇ?

ಈ ಆಕ್ಷೇಪಕ್ಕೆ ಕಾರಣವಾದದ್ದು ‘ಸ್ಟ್ಯಾಂಡ್ ಬೈ ಯುವರ್ ಮ್ಯಾನ್’ (ನಿನ್ನ ಗಂಡನ ಜೊತೆ ನಿಲ್ಲು). 1968ರಲ್ಲಿ ವೈನೆಟ್ ಮತ್ತು ಶೆರಿಲ್ ಸೇರಿ ಬಹಳ ಬೇಗ ಬರೆದು ಮುಗಿಸಿದ ಹಾಡು ಅದು, ಸ್ತ್ರೀವಾದಿಗಳ ಟೀಕೆಗೂ ಗುರಿಯಾಯಿತು. 1992ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಸಮಯದಲ್ಲಿ ಹಿಲರಿ ಕ್ಲಿಂಟನ್ ದೂರದರ್ಶನ ಸಂದರ್ಶನದಲ್ಲಿ ಈ ಹಾಡನ್ನೂ ವೈನೆಟ್ ಅವರನ್ನೂ ಹೆಸರಿಸಿ ಆಡಿದ ಮಾತಿಗೆ ವೈನೆಟ್ ನೊಂದು ಪ್ರತಿಭಟಿಸಿದರು, ಕ್ಲಿಂಟನ್ ಕ್ಷಮೆ ಕೇಳಿದರು.

ಅದೇ 1968ರಲ್ಲಿ ವೈನೆಟ್ ವಿಚ್ಛೇದನದ ಕುರಿತ ಹಾಡೊಂದನ್ನೂ ಹಾಡಿ ಮೊದಲ ಸ್ಥಾನಕ್ಕೇರಿದ್ದರು: ಪುಟ್ಟ ಮಗನಿಗೆ ತಿಳಿಯಬಾರದೆಂದು ತಾಯಿ ಆ ಪದದ ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುವ ಹಾಡು. ಅದನ್ನು ಬರೆದವರಲ್ಲೂ ಬ್ರ್ಯಾಡಕ್ ಒಬ್ಬರು. ಬದುಕಿನಲ್ಲಿ ವೈನೆಟ್ ಐದು ಬಾರಿ ಮದುವೆಯಾದವರು, ಸಾಕೆನಿಸಿದಾಗ ಹೊರಗೆ ಬಂದವರು. ಜೊತೆಗಿರಬೇಕೆಂಬ ಆಸೆ, ಹೊರಡಲೇಬೇಕೆಂಬ ಅರಿವು, ಎರಡಕ್ಕೂ ಅವರು ಒಂದೇ ಶ್ರದ್ಧೆಯಿಂದ ಕಂಠ ಕೊಟ್ಟರು. ಒಂದೇ ಹಾಡು ಹಿಡಿದು ಅವರನ್ನು ಅಳೆಯುವುದು ಅವರಿಗೆ ಮಾಡುವ ಅನ್ಯಾಯವೆಂದೇ ಹೇಳಬೇಕು.

‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ವೈನೆಟ್ ಅವರನ್ನು ಕುರಿತದ್ದೇ?

ಅಲ್ಲ. 1980ರಲ್ಲಿ ಬಂದ ಈ ಹಾಡನ್ನು ಬ್ರ್ಯಾಡಕ್ ಮತ್ತು ಕರ್ಲಿ ಪುಟ್ಮನ್ ಬರೆದರು. ಸಾಯುವವರೆಗೂ ಒಬ್ಬಳನ್ನೇ ಪ್ರೀತಿಸಿದವನ ಕಥೆ. ಇಂಥ ಸಾವಿನ ಹಾಡನ್ನು ಯಾರು ಕೊಳ್ಳುತ್ತಾರೆ ಎಂದು ಜೋನ್ಸ್ ಮೊದಲು ಬೇಡವೆಂದಿದ್ದರು. ಅದೇ ಅವರನ್ನು ಮತ್ತೆ ಎತ್ತಿ ನಿಲ್ಲಿಸಿತು. ಜೋನ್ಸ್ ಮನಸ್ಸಿನಲ್ಲಿ ಯಾರಿದ್ದರೆಂದು ಕೇಳುಗರು ಊಹಿಸಿಕೊಂಡದ್ದು ಸಹಜ.

ಇಂಥ ಊಹೆಗಿಂತ ವಿಚಿತ್ರವಾದ ನಿಜವೊಂದಿದೆ. ಹೆಂಡತಿ ಬಿಟ್ಟುಹೋದ ಮನೆಯ ಕೋಣೆಕೋಣೆಯನ್ನೂ ಅತಿಥಿಗೆ ತೋರಿಸುತ್ತಾ ನಡೆಯುವ ‘ದ ಗ್ರ್ಯಾಂಡ್ ಟೂರ್’ ಎಂಬ ಹಾಡನ್ನು ಜೋನ್ಸ್ 1974ರಲ್ಲಿ ಹಾಡಿದರು. ಅದನ್ನು ಬರೆದ ಮೂವರಲ್ಲಿ ಒಬ್ಬರು ಜಾರ್ಜ್ ರಿಚಿ. 1978ರಲ್ಲಿ ವೈನೆಟ್ ಮದುವೆಯಾದದ್ದು ಅವರನ್ನೇ.

ಇದೇ ಬಗೆಯ ಬೇರೆ ಯುಗಳಗೀತೆಗಳು ಯಾವುವು?

ಬಹಳ ಇವೆ, ಕೆಲವನ್ನೇ ಹೇಳುವುದಾದರೆ, ಕಾನ್ವೇ ಟ್ವಿಟಿ ಮತ್ತು ಲೊರೆಟ್ಟಾ ಲಿನ್ ಅವರ 1971ರ ‘ಆಫ್ಟರ್ ದ ಫೈರ್ ಈಸ್ ಗಾನ್’, ತಣ್ಣಗಾದ ದಾಂಪತ್ಯಗಳಿಂದ ಹೊರಗೆ ಬೆಚ್ಚಗಿನ ಆಸರೆ ಹುಡುಕುವವರ ಹಾಡು. ಗ್ರಾಮ್ ಪಾರ್ಸನ್ಸ್ ಮತ್ತು ಎಮಿಲೂ ಹ್ಯಾರಿಸ್ ಹಾಡಿದ ‘ಲವ್ ಹರ್ಟ್ಸ್’, 1973ರಲ್ಲಿ ಪಾರ್ಸನ್ಸ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಹೊರಬಂದದ್ದು. ಬ್ರ್ಯಾಡ್ ಪೇಸ್ಲಿ ಮತ್ತು ಆಲಿಸನ್ ಕ್ರೌಸ್ ಅವರ ‘ವಿಸ್ಕಿ ಲಲಬೈ’ ಇನ್ನೂ ಕಠಿಣವಾದದ್ದು, ಅದರಲ್ಲಿ ಪ್ರೇಮಿಗಳಿಬ್ಬರೂ ಒಬ್ಬರ ಹಿಂದೆ ಒಬ್ಬರು ಕುಡಿದೇ ಸಾಯುತ್ತಾರೆ. ಮನಸ್ಸು ಕುಗ್ಗಿರುವಾಗ ಒಬ್ಬರೇ ಕುಳಿತು ಕೇಳುವುದು ಬೇಡ.

ನಮ್ಮ ಕಾಲದ್ದು ಬೇಕೆನ್ನುವವರಿಗೆ ‘ದ ಸಿವಿಲ್ ವಾರ್ಸ್’ ಜೋಡಿಯ ‘ಪಾಯ್ಸನ್ ಅಂಡ್ ವೈನ್’ ಇದೆ. ಜಾಯ್ ವಿಲಿಯಮ್ಸ್ ಮತ್ತು ಜಾನ್ ಪಾಲ್ ವೈಟ್ ಪರಸ್ಪರ ಗಂಡಹೆಂಡಿರಲ್ಲ, ಇಬ್ಬರಿಗೂ ಬೇರೆ ಸಂಸಾರಗಳಿದ್ದವು. ಪ್ರೀತಿ ಇಲ್ಲವೆಂದೂ ಎಂದಿಗೂ ತೀರದೆಂದೂ ಒಂದೇ ಉಸಿರಿನಲ್ಲಿ ಹೇಳುವ ಆ ಹಾಡು 2011ರ ‘ಬಾರ್ಟನ್ ಹಾಲೋ’ ಆಲ್ಬಮ್‌ನಲ್ಲಿದೆ. ಆ ಆಲ್ಬಮ್ ಗ್ರ್ಯಾಮಿ ಪಡೆಯಿತು, ಜೋಡಿ 2014ರಲ್ಲಿ ಬೇರೆಯಾಯಿತು.

ಕೊನೆಗೆ ಜೋನ್ಸ್ ಮತ್ತು ವೈನೆಟ್ ಏನಾದರು?

1983ರಲ್ಲಿ ಜೋನ್ಸ್ ನ್ಯಾನ್ಸಿ ಅವರನ್ನು ಮದುವೆಯಾದರು, ಕ್ರಮೇಣ ಬದುಕು ಹಳಿಗೆ ಬಂತು. 1995ರಲ್ಲಿ ಜೋನ್ಸ್ ಮತ್ತು ವೈನೆಟ್ ‘ಒನ್’ ಎಂಬ ಆಲ್ಬಮ್‌ಗಾಗಿ ಮತ್ತೆ ಒಂದಾಗಿ ಹಾಡಿ, ಜೊತೆಗೆ ಊರೂರು ಸುತ್ತಿ ಕಛೇರಿ ಕೊಟ್ಟರು. ಆ ಹೊತ್ತಿಗೆ ಅವರಲ್ಲಿ ಹಗೆ ಉಳಿದಿರಲಿಲ್ಲ. 1998ರ ಏಪ್ರಿಲ್‌ನಲ್ಲಿ ವೈನೆಟ್ 55ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರಿಗೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಗೌರವ ಸಂದಿತು. 1999ರಲ್ಲಿ ಕಾರು ಅಪಘಾತದಲ್ಲಿ ಸಾವಿನ ಅಂಚಿಗೆ ಹೋಗಿಬಂದ ಮೇಲೆ ಜೋನ್ಸ್ ಕುಡಿತವನ್ನು ಬಿಟ್ಟರು. 2013ರ ಏಪ್ರಿಲ್‌ನಲ್ಲಿ, 81ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಮಗಳು ಜಾರ್ಜೆಟ್ ಕೂಡ ಹಾಡುಗಾರ್ತಿ. ತಂದೆ ತಾಯಿಯ ಬಗ್ಗೆ ಅವರು 2011ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ 2022ರಲ್ಲಿ ‘ಜಾರ್ಜ್ ಅಂಡ್ ಟ್ಯಾಮಿ’ ಎಂಬ ಧಾರಾವಾಹಿ ಬಂತು.

ಹೊಸಬರು ಯಾವ ಕ್ರಮದಲ್ಲಿ ಕೇಳುವುದು ಒಳ್ಳೆಯದು?

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುವುದು ಮೇಲು: ಜೋನ್ಸ್ ಅವರ ‘ದ ಗ್ರ್ಯಾಂಡ್ ಟೂರ್’, ವೈನೆಟ್ ಅವರ ‘ಟಿಲ್ ಐ ಕ್ಯಾನ್ ಮೇಕ್ ಇಟ್ ಆನ್ ಮೈ ಓನ್’. ಎರಡೂ ಕಂಠಗಳ ಗುರುತು ಸಿಕ್ಕ ಮೇಲೆ 1971ರ ‘ಟೇಕ್ ಮಿ’, ಅನಂತರ ‘ವೀ ಆರ್ ಗೊನ್ನ ಹೋಲ್ಡ್ ಆನ್’, ‘ಗೋಲ್ಡನ್ ರಿಂಗ್’, ‘ನಿಯರ್ ಯೂ’, ‘ಟೂ ಸ್ಟೋರಿ ಹೌಸ್’ ಎಂಬ ಕಾಲಾನುಕ್ರಮ ಸಾಕು. ಪದಗಳನ್ನು ಮುಂದಿಟ್ಟುಕೊಂಡು ಒಮ್ಮೆ, ಪದಗಳನ್ನು ಬದಿಗಿಟ್ಟು ಕೆಳಗಿನ ಸ್ವರದವರನ್ನು ಮಾತ್ರ ಹಿಂಬಾಲಿಸುತ್ತಾ ಇನ್ನೊಮ್ಮೆ ಕೇಳಿದರೆ ಹೆಚ್ಚು ಕೇಳಿಸುತ್ತದೆ. ಮೊಬೈಲ್‌ನ ಸಣ್ಣ ಸ್ಪೀಕರ್‌ನಲ್ಲಿ ಎರಡು ಕಂಠಗಳು ಕಲಸಿಹೋಗುತ್ತವೆ. ಹೆಡ್‌ಫೋನ್ ಬಳಸುವುದು ಉತ್ತಮ.